ಮೂರು ಜನಕ್ಕೊಂದು ದೀಪ

ನಮ್ಮ ಮನೆಯಿಂದ ಸೈನ್ಯಕ್ಕೆ ಸೇರಿದವರು ಚಿಕ್ಕಪ್ಪ ಒಬ್ಬರೇ. ಆದರೆ ನಮ್ಮೂರು ಹುತ್ತೂರಿನ ಆಸುಪಾಸಿನಲ್ಲಿ ಯಾರನ್ನಾದರೂ ನಿಲ್ಲಿಸಿ ಮಿಲಿಟ್ರಿಯವರ ಮನೆ ಯಾವುದು ಎಂದು ಕೇಳಿದರೆ, ಜನ ಬೆರಳು ಮಾಡಿ ತೋರಿಸುತ್ತಿದ್ದದ್ದು ಚಿಕ್ಕಮ್ಮನನ್ನು. ಚಿಕ್ಕಮ್ಮ ಬಂದೂಕು ಮುಟ್ಟಿದವರಲ್ಲ, ಕವಾಯತು ಮಾಡಿದವರಲ್ಲ. ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಮನೆಯಲ್ಲಿ ಹುಟ್ಟಿ, ಎಂಟನೆಯ ತರಗತಿಯವರೆಗೆ ಓದಿದ, ಐದಡಿಯೂ ಇಲ್ಲದ ಹೆಂಗಸು. ಹಾಗಿದ್ದರೂ ನಮ್ಮ ಮನೆಯ ಎಂಟು ಜನ ಮತ್ತು ಮೂರು ಹಸುಗಳು ಅವರ ಅಪ್ಪಣೆಯಿಲ್ಲದೆ ಒಂದು ಚೊಂಬು ನೀರು ಚೆಲ್ಲುವಂತಿರಲಿಲ್ಲ, ಒಂದು ದೀಪ ಹಾಕುವಂತಿರಲಿಲ್ಲ. ಹಸುಗಳು ಎಲ್ಲಿಯಾದರೂ ದೀಪ ಹಾಕುತ್ತವೆಯೇ ಎನ್ನುತ್ತೀರಿ. ಹಸುಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇದಕ್ಕೆಲ್ಲ ಮೂಲ ಉತ್ತರದ ಕಡೆಯ ಒಂದು ಮಿಲಿಟರಿ ನೆಲೆ. ಚಿಕ್ಕಪ್ಪನಿಗೆ ಅಲ್ಲಿ ಎರಡು ವರ್ಷ ಕ್ವಾರ್ಟರ್ಸ್ ಸಿಕ್ಕಿತ್ತು, ಚಿಕ್ಕಮ್ಮನೂ ಜೊತೆಗಿದ್ದರು. ದೇಶದಲ್ಲೆಲ್ಲ ಪೆಟ್ರೋಲು, ಸೀಮೆಎಣ್ಣೆಗೆ ತತ್ವಾರವಾದ ಕಾಲ ಅದು. ಆ ನೆಲೆಯ ದೊಡ್ಡ ಸಾಹೇಬರು ಉಳಿತಾಯವನ್ನು ವ್ರತದಂತೆ ಹಿಡಿದಿದ್ದರಂತೆ. ನಿಂತ ಲಾರಿಯ ಎಂಜಿನ್ ಗುರುಗುಟ್ಟಿದರೆ ಡ್ರೈವರನಿಗೆ ಶಿಕ್ಷೆ. ಸಂಜೆಯಾದರೆ ಒಬ್ಬ ಹವಾಲ್ದಾರ ಸೈಕಲ್ಲಿನಲ್ಲಿ ಕ್ವಾರ್ಟರ್ಸುಗಳ ಬೀದಿ ಸುತ್ತಿ, ಜನವಿಲ್ಲದ ಕೋಣೆಯಲ್ಲಿ ದೀಪ ಕಂಡರೆ ಸೀಟಿ ಊದುತ್ತಿದ್ದ. ಜವಾನರ ಅಡುಗೆಮನೆಯಲ್ಲಿ ಬೇಳೆಯ ಹಂಡೆ ಒಂದು ಕುದಿ ಬಂದೊಡನೆ ಒಲೆಯಿಂದ ಇಳಿದು ಹುಲ್ಲು ತುಂಬಿದ ಪೆಟ್ಟಿಗೆಯೊಳಗೆ ಕೂರುತ್ತಿತ್ತು, ಉಳಿದ ಬೇಯುವಿಕೆ ಅದರ ಸ್ವಂತ ಶಾಖದಲ್ಲೇ. ಪ್ರತಿ ಕ್ವಾರ್ಟರ್ಸಿನ ಮುಂದೆ ಒಂದು ಗಿಡ. ಅದನ್ನು ಪಾತ್ರೆ ತೊಳೆದ ನೀರಿನಲ್ಲೇ ಬದುಕಿಸಬೇಕು. ತಿಂಗಳಿಗೊಮ್ಮೆ ದೊಡ್ಡ ಸಾಹೇಬರ ಹೆಂಡತಿ ಕರ್ನಲ್ ಮೇಡಂ ಬಂದು ಒಲೆ, ಬಲ್ಬು, ನಲ್ಲಿ, ಗಿಡ ಎಲ್ಲವನ್ನೂ ಪರೀಕ್ಷೆ ಮಾಡುತ್ತಿದ್ದರು. ಅಂಥ ಒಂದು ಪರೀಕ್ಷೆಯಲ್ಲಿ ನಮ್ಮ ಚಿಕ್ಕಮ್ಮನ ಕ್ವಾರ್ಟರ್ಸಿಗೆ ಮೊದಲ ಬಹುಮಾನ ಬಂತು. ನಮ್ಮ ದುರ್ದೈವ ಶುರುವಾದದ್ದು ಆ ದಿನ.

ಆಮೇಲೆ ಚಿಕ್ಕಪ್ಪನಿಗೆ ಗಡಿಯ ಕಡೆ ವರ್ಗವಾಯಿತು. ಅಲ್ಲಿಗೆ ಸಂಸಾರ ಕರೆದೊಯ್ಯುವಂತಿಲ್ಲ. ಚಿಕ್ಕಮ್ಮ ಒಂದು ಕಪ್ಪು ಟ್ರಂಕು ಹಿಡಿದು ನಮ್ಮ ಮನೆಗೆ ಬಂದರು. ಮದುವೆಯಾಗಿ ಎಂಟು ವರ್ಷವಾಗಿತ್ತು. ಗಂಡನ ಜೊತೆ ಒಂದೇ ಸೂರಿನಡಿ ಇದ್ದದ್ದು ಆ ಎರಡೇ ವರ್ಷ. ಮುಂದಿನ ವರ್ಗದಲ್ಲಿ ಮತ್ತೆ ಕ್ವಾರ್ಟರ್ಸ್ ಸಿಗಬಹುದು, ಅರ್ಜಿ ಹಾಕಿದ್ದೇನೆ, ಪಟ್ಟಿಯಲ್ಲಿ ಹೆಸರಿದೆ ಎಂದು ಚಿಕ್ಕಪ್ಪ ಬರೆಯುತ್ತಿದ್ದರು. ಚಿಕ್ಕಮ್ಮ ಆ ಪಟ್ಟಿಗಾಗಿ ಕಾಯುತ್ತಿದ್ದರು. ಬಹಿರಂಗವಾಗಿ ಕಾಯುತ್ತಿದ್ದರು ಎಂದೇನೂ ಅಲ್ಲ. “ಹೋದ್ಮೇಲೆ ಮರ್ತುಹೋಗಿರಬಾರದು, ಅಭ್ಯಾಸ ಇಟ್ಕೊಂಡಿರ್ಬೇಕು” ಎನ್ನುತ್ತಿದ್ದರು, ಅಷ್ಟೆ. ಆ ಅಭ್ಯಾಸಕ್ಕೆ ಸಿಕ್ಕಿದವರು ನಾವು.

ಮೊದಲು ಬಂದದ್ದು ದೀಪದ ಕಾನೂನು. ನಮ್ಮ ಮನೆಯಲ್ಲಿ ಇದ್ದದ್ದೇ ನಾಲ್ಕು ಬಲ್ಬು, ಅವೂ ವಿದ್ಯುತ್ತು ಬಂದ ದಿನ ಮಾತ್ರ ಉರಿಯುವಂಥವು. ಒಂದು ಬಲ್ಬಿನ ಕೆಳಗೆ ಕನಿಷ್ಠ ಮೂರು ಜನ ಇರಬೇಕು, ಇಲ್ಲವಾದರೆ ಆರಿಸಬೇಕು ಎಂದು ಚಿಕ್ಕಮ್ಮ ಸಾರಿದರು. ನಾನು ಆಗ ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಪುಸ್ತಕ ಬಿಚ್ಚುವ ಮೊದಲು ಇನ್ನಿಬ್ಬರನ್ನು ಹುಡುಕಿ ತರುವುದು ನನ್ನ ಸಂಜೆಯ ಕೆಲಸವಾಯಿತು. ಅಜ್ಜಿಯನ್ನು ರಾಗಿ ಆರಿಸುವ ನೆಪದಲ್ಲಿ ಕರೆತಂದು ಕೂರಿಸುತ್ತಿದ್ದೆ. ಮೂರನೆಯವರು ತಾತ. ಗೋಡೆಗೆ ಒರಗಿದ ಐದು ನಿಮಿಷಕ್ಕೆ ತಾತನ ಗೊರಕೆ ಶುರು.

“ಮಲಗಿರೋರು ಲೆಕ್ಕಕ್ಕಿಲ್ಲ” ಎಂದು ಚಿಕ್ಕಮ್ಮ ಸ್ವಿಚ್ಚಿಗೆ ಕೈ ಹಾಕುತ್ತಿದ್ದರು.

“ನಾನೆಲ್ಲಿ ಮಲ್ಗಿದೀನಿ? ಕಣ್ಣು ಮುಚ್ಕೊಂಡು ಯೋಚ್ನೆ ಮಾಡ್ತಾ ಇದೀನಿ” ಎಂದು ತಾತ.

“ಯೋಚ್ನೆ ಮಾಡೋಕೆ ದೀಪ ಯಾಕೆ ಮಾವ?”

ಅಂದಿಗೆ ದೀಪ ಆರಿತು. ಆದರೆ ಮೊಮ್ಮಗಳ ಮೇಲಿನ ಪ್ರೀತಿ ಏನನ್ನು ತಾನೇ ಕಲಿಸುವುದಿಲ್ಲ? ನನ್ನ ಪರೀಕ್ಷೆ ಹತ್ತಿರ ಬರುವಷ್ಟರಲ್ಲಿ ಅವರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತಿದ್ದರು. ಭೌತಶಾಸ್ತ್ರದಲ್ಲಿ ನನಗೆ ಬಂದ ಮೊದಲ ದರ್ಜೆಯಲ್ಲಿ ಅವರ ಪಾಲು ದೊಡ್ಡದು.

ಎರಡನೆಯದು ಸ್ನಾನ. ಒಬ್ಬೊಬ್ಬರಿಗೆ ಐದು ಚೊಂಬು ಬಿಸಿನೀರು, ಅದಕ್ಕಿಂತ ಒಂದು ಹನಿಯೂ ಹೆಚ್ಚಿಲ್ಲ. ಬಚ್ಚಲಿನಿಂದ ಹರಿದ ನೀರು ನೇರವಾಗಿ ಹಿತ್ತಲಿನ ಬಾಳೆಗೆ ಹೋಗುವಂತೆ ಚಿಕ್ಕಮ್ಮ ಒಂದು ಇಡೀ ದಿನ ಗುದ್ದಲಿ ಹಿಡಿದು ಕಾಲುವೆ ತೋಡಿದರು. ಅಜ್ಜಿ ಜಗಲಿಯಲ್ಲಿ ಕೂತು ಕೊನೆಯವರೆಗೂ ನೋಡಿ, ಆಮೇಲೆ ಹೇಳಿದರು:

“ಅಲ್ಲ ಕಣಮ್ಮ, ನಾನು ಈ ಮನೆಗೆ ಬಂದಾಗಿಂದ ಬಚ್ಚಲ ನೀರು ಬಾಳೆಗೇ ಹೋಗ್ತಾ ಇರೋದು. ಈ ಕಡೆ ಹೋಗ್ತಿದ್ದಿದ್ದು ಈಗ ಆ ಕಡೆಯಿಂದ ಹೋಗುತ್ತೆ. ಇದಕ್ಕೆ ಮಿಲಿಟ್ರಿ ಬೇಕಾಗಿತ್ತಾ?”

“ಅಲ್ಲಿ ಇದನ್ನ ಪ್ಲಾನ್ ಪ್ರಕಾರ ಮಾಡ್ತಾರೆ ಅತ್ತೆ.”

“ಬಾಳೆಗೆ ಗೊತ್ತಾಗುತ್ತಾ ಪ್ಲಾನು?”

ಐದು ಚೊಂಬಿನ ಕಾನೂನಿಗೆ ಬಲಿಯಾದವರು ಮಾಲೂರಿನಿಂದ ಬಂದಿದ್ದ ನಮ್ಮ ದೊಡ್ಡತ್ತೆಯ ಗಂಡ. ಊರಿಗೆ ಹೊರಡುವ ದಿನ ಬೆಳಿಗ್ಗೆ ಅವರು ನಾಲ್ಕು ಚೊಂಬು ನೀರನ್ನು ಹಾಡಿಕೊಳ್ಳುತ್ತಾ ಸುರಿದುಕೊಂಡು, ಆಮೇಲೆ ನಿಧಾನವಾಗಿ ಮೈಗೆಲ್ಲ ಸೋಪು ಹಚ್ಚಿದರು. ಉಳಿದದ್ದು ಒಂದು ಚೊಂಬು.

“ಯಾರಲ್ಲಿ? ಒಂದೆರಡು ಚೊಂಬು ನೀರು ಕೊಡ್ರಮ್ಮ, ಕಣ್ಣು ಉರೀತಾ ಇದೆ” ಎಂಬ ಕೂಗು ಬಂತು. ನಾನು ಎದ್ದೆ. ಚಿಕ್ಕಮ್ಮ ಕೈ ಅಡ್ಡ ಹಿಡಿದು, ಬಾಗಿಲಿನಾಚೆಯಿಂದ ಬಹಳ ಗೌರವದಿಂದಲೇ ಉತ್ತರ ಕೊಟ್ಟರು: “ಅಣ್ಣಾ, ಸೋಪಿಗೆ ಎಷ್ಟು ನೀರು ಬೇಕು ಅಂತ ಮೊದ್ಲೇ ಅಂದಾಜು ಮಾಡ್ಕೋಬೇಕಾಗಿತ್ತು.”

ಅವರು ಎರಡೂ ಕಿವಿಯ ಹಿಂದೆ ನೊರೆ ಇಟ್ಟುಕೊಂಡೇ ಮಾಲೂರಿಗೆ ಹೋದರು. ಮುಂದೆ ನಮ್ಮ ಮನೆಗೆ ಬಂದಾಗಲೆಲ್ಲ, ಊರಿನಲ್ಲೇ ಸ್ನಾನ ಮುಗಿಸಿಕೊಂಡು ಬಂದೆ ಎಂದು ಬಾಗಿಲಲ್ಲೇ ಹೇಳಿಬಿಡುತ್ತಿದ್ದರು.

ಇನ್ನು ಹುಲ್ಲಿನ ಪೆಟ್ಟಿಗೆ. ಕಪ್ಪು ಟ್ರಂಕಿನ ಬಟ್ಟೆಗಳನ್ನೆಲ್ಲ ಹೊರಗೆ ತೆಗೆದು ಅದರೊಳಗೆ ರಾಗಿ ಹುಲ್ಲನ್ನು ಗೂಡಿನಂತೆ ಒತ್ತಿ, ಮಧ್ಯೆ ಅವರೆಕಾಳಿನ ಸಾರು ಕುದಿಯುತ್ತಿದ್ದ ಪಾತ್ರೆ ಇಟ್ಟು, ಮೇಲೆ ಕಂಬಳಿ ಹೊದಿಸಿ ಮುಚ್ಚಿದರು. ಬೆಳಿಗ್ಗೆ ಎಂಟಕ್ಕೆ ಇಟ್ಟದ್ದನ್ನು ಹನ್ನೆರಡಕ್ಕೆ ತೆಗೆದರೆ ಕಾಳು ಬೆಣ್ಣೆಯಂತೆ ಬೆಂದಿತ್ತು. ನಾವೆಲ್ಲ ಬೆರಗಾದೆವು. ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. ಅಜ್ಜಿಯ ತವರು ಮುಳಬಾಗಿಲಿನಾಚೆ, ಆಂಧ್ರದ ಗಡಿಗೆ ತಾಗಿದ ಹಳ್ಳಿ. ತಾಳ್ಮೆ ಮುಗಿದರೆ ಅವರ ಬಾಯಲ್ಲಿ ತೆಲುಗು ಬರುತ್ತಿತ್ತು.

“ಚಾಲಮ್ಮಾ, ಚಾಲು” ಎಂದರು. ಸಾಕಮ್ಮಾ ಸಾಕು ಎಂದರ್ಥ. “ಸಾರು ಯಾರು ಬೇಕಾದ್ರೂ ಬೇಯಿಸ್ತಾರೆ. ಈ ಪೆಟ್ಟಿಗೇಲಿ ಮುದ್ದೆ ಮಾಡು, ನೋಡಾಣ.”

ಚಿಕ್ಕಮ್ಮ ಹಿಂಜರಿಯುವವರೇ? ಮಾರನೆಯ ದಿನ ಎಸರಿಗೆ ರಾಗಿಹಿಟ್ಟು ಸುರಿದು, ಕೋಲಿನಿಂದ ತೊಳಸದೆ, ಹಾಗೇ ಪೆಟ್ಟಿಗೆಗೆ ಇಳಿಸಿದರು. ಉರಿಯ ಮೇಲೆ ತೋಳು ಸೋಲುವಂತೆ ತೊಳಸದ ರಾಗಿ ಮುದ್ದೆಯಾದ ಚರಿತ್ರೆ ನಮ್ಮ ಸೀಮೆಯಲ್ಲಿಲ್ಲ. ಮಧ್ಯಾಹ್ನ ಹೊರಬಂದದ್ದು ಒಂದು ಕಪ್ಪನೆಯ ಅಂಟು. ಪಾತ್ರೆ ಕವುಚಿದರೂ ಕೆಳಗೆ ಬೀಳಲಿಲ್ಲ. ಚಿಕ್ಕಮ್ಮ ಅದನ್ನು ಒಂದು ಕ್ಷಣ ಪರಿಶೀಲಿಸಿ, ನಾವು ಸಾಕುತ್ತಿದ್ದ ರೇಷ್ಮೆಹುಳುವಿನ ತಟ್ಟೆಗಳಿಗೆ ಕಾಗದ ಅಂಟಿಸಲು ತೆಗೆದುಕೊಂಡು ಹೋದರು. “ವೇಸ್ಟ್ ಆಗ್ಲಿಲ್ಲ ನೋಡಿ ಅತ್ತೆ” ಎಂದರು. ಆ ಕಾಗದಗಳು ಇವತ್ತಿಗೂ ಬಿಟ್ಟಿಲ್ಲ.

ಈಗ ಹಸುಗಳ ವಿಷಯ. ಒಂದು ದಿನ ಅಡುಗೆಮನೆಯಲ್ಲಿ ಜಾಗವಿಲ್ಲವೆಂದು ಟ್ರಂಕನ್ನು ಹಿತ್ತಲ ಜಗಲಿಯಲ್ಲಿ ಇಟ್ಟಿದ್ದರು. ಹಗ್ಗ ಬಿಚ್ಚಿಕೊಂಡ ಸೀಮೆಹಸುವಿಗೆ ಹುಲ್ಲಿನ ವಾಸನೆ ಬಡಿಯಿತು. ಮುಚ್ಚಳ ತಳ್ಳಿ, ಕಂಬಳಿ ಎಳೆದು ಹಾಕಿ, ಪಾತ್ರೆಯ ಸುತ್ತಲಿನ ಬೆಚ್ಚನೆಯ ಹುಲ್ಲನ್ನೆಲ್ಲ ಮುಗಿಸಿ, ಬಾಯಾರಿಕೆಗೆ ಸಾರನ್ನೂ ಕುಡಿದಿತ್ತು. ಮಾರನೆಯ ಬೆಳಿಗ್ಗೆ ಹಾಲು ಅಳೆಯುವ ಡೈರಿಯಾತ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿ ಕೇಳಿದ: “ಏನಮ್ಮಾ, ಹಾಲಿಗೇ ಒಗ್ಗರಣೆ ಹಾಕಿಬಿಟ್ಟಿದೀರಾ?”

ಹೀಗೆ ಎರಡು ವರ್ಷ ಕಳೆಯಿತು. ನಾವು ಬೈದುಕೊಂಡೇ ಪಳಗಿದ್ದೆವು. ಸೌದೆಯ ರಾಶಿ ಮೊದಲಿನಂತೆ ಬೇಗ ಕರಗುತ್ತಿರಲಿಲ್ಲ ಎಂಬುದನ್ನು ಅಜ್ಜಿಯೂ ಗಮನಿಸಿದ್ದರು, ಆದರೆ ಒಪ್ಪಿಕೊಳ್ಳುವ ಪೈಕಿ ಅಲ್ಲ.

ಆ ವರ್ಷ ಸಂಕ್ರಾಂತಿಗೆ ಮುಂಚೆ ಚಿಕ್ಕಪ್ಪ ರಜೆಯ ಮೇಲೆ ಬರುತ್ತೇನೆಂದು ಬರೆದರು. ವರ್ಗದ ಆದೇಶ ಅಷ್ಟರಲ್ಲಿ ಬಂದಿರುತ್ತದೆ, ಕ್ವಾರ್ಟರ್ಸಿನ ವಿಷಯ ಬಂದೇ ಹೇಳುತ್ತೇನೆ ಎಂದೂ ಬರೆದಿದ್ದರು. ಕಾಗದ ಬಂದ ಮಾರನೆಯ ದಿನ ಚಿಕ್ಕಮ್ಮ ಟ್ರಂಕಿನ ಹುಲ್ಲನ್ನೆಲ್ಲ ತೆಗೆದು, ಒಳಗೆ ತೊಳೆದು, ಅಂಗಳದ ಬಿಸಿಲಿಗೆ ಬಾಯ್ತೆರೆದು ಇಟ್ಟರು. ಅಂದಿನಿಂದ ಸಾರು ಒಲೆಯ ಮೇಲೇ ಬೇಯುತ್ತಿತ್ತು. 

ಚಿಕ್ಕಪ್ಪ ಕೋಲಾರದಿಂದ ಬೆಳಗಿನ ಬಸ್ಸಿಗೆ ಬಂದರು. ಹಾಸಿಗೆ ಸುತ್ತಿದ ಹೋಲ್ಡಾಲು ಕೆಳಗಿಡುವ ಮೊದಲೇ ಅಜ್ಜಿ ಕೇಳಿದರು: “ಏನ್ಲಾ, ಮನೆ ಕೊಟ್ರಾ?”

ಚಿಕ್ಕಪ್ಪ ಬೂಟಿನ ಲೇಸು ಬಿಚ್ಚತೊಡಗಿದರು. “ಇಲ್ಲಮ್ಮ. ಈ ಸಲ ಹಾಕಿರೋ ಕಡೇನೂ ಫ್ಯಾಮಿಲಿ ಬಿಡಲ್ಲ. ಇನ್ನೂ ಎರಡು ವರ್ಷ.”

ಚಿಕ್ಕಮ್ಮ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಲೋಟ ಚಿಕ್ಕಪ್ಪನ ಮುಂದಿಟ್ಟು, “ರಜ ಎಷ್ಟು ದಿನ?” ಎಂದರು.

“ಓಡಾಡೋ ದಿನ ಕಳೆದು ಇಪ್ಪತ್ತಮೂರು.”

“ಸರಿ” ಎಂದು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಂಗಳದಲ್ಲಿದ್ದ ಟ್ರಂಕು ಒಳಗೆ ಬಂತು.

ಮುಂದಿನದಕ್ಕೆ ನಾವೆಲ್ಲ ಕಾದಿದ್ದೆವು ಎಂದು ಒಪ್ಪಿಕೊಳ್ಳಲೇಬೇಕು. ಏಕೆಂದರೆ ಸೈನ್ಯದ ಆ ಶಿಸ್ತಿನ ನೆಲೆಯಲ್ಲಿ ಎರಡು ವರ್ಷ ಇದ್ದ ನಮ್ಮ ಚಿಕ್ಕಪ್ಪ ಮಹಾ ದುಂದುಗಾರ! ಒಂದು ಕೋಣೆಯಲ್ಲಿ ಪೇಪರು ಓದಿ, ದೀಪ ಹಾಗೇ ಬಿಟ್ಟು, ಇನ್ನೊಂದು ಕೋಣೆಗೆ ಹೋಗಿ ಅಲ್ಲೂ ದೀಪ ಹಾಕುತ್ತಿದ್ದರು. ತಾತ ಆಶೆಯಿಂದ ಚಿಕ್ಕಮ್ಮನ ಮುಖ ನೋಡಿದರು. ಚಿಕ್ಕಮ್ಮ ಏನೂ ಕಾಣದವರಂತೆ ಹಾದುಹೋದರು.

“ಅಲ್ಲ ಚಿಕ್ಕಪ್ಪ, ಆ ಕ್ವಾರ್ಟರ್ಸಲ್ಲಿ ಸೀಟಿ ಊದೋನು ಇರ್ಲಿಲ್ವಾ?” ಎಂದು ನಾನು ಕೇಳಿದೆ.

“ಊದ್ತಿದ್ದ. ಅವನು ಆ ಕಡೆ ತಿರುಗಿದ ತಕ್ಷಣ ಮತ್ತೆ ಹಾಕ್ಕೋತಿದ್ವಿ” ಎಂದರು ಚಿಕ್ಕಪ್ಪ. “ಅಲ್ಲಿದ್ದ ಅಷ್ಟೂ ಮನೇಲಿ ಆ ಸಾಹೇಬ್ರ ಮಾತನ್ನ ನಂಬಿದ್ದು ನಿಮ್ಮ ಚಿಕ್ಕಮ್ಮ ಒಬ್ಳೇ.”

ಚಿಕ್ಕಮ್ಮನಿಗೆ ಅದು ಕೇಳಿಸಿತು. ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬೆಳಗಿನ ಚಳಿಗೆ ಚಿಕ್ಕಪ್ಪನ ಸ್ನಾನ ಒಂದು ಗಂಟೆ ನಡೆಯುತ್ತಿತ್ತು. ಬಚ್ಚಲ ಒಲೆಯ ಮುಂದೆ ಕೂತು ಉರಿ ಹಾಕುವವರು ಚಿಕ್ಕಮ್ಮನೇ. ಹಂಡೆ ಖಾಲಿಯಾದಂತೆ ಮತ್ತೆ ತುಂಬುವವರೂ ಅವರೇ. ಹಿಪ್ಪುನೇರಳೆ ಕಡ್ಡಿಯ ಕಟ್ಟುಗಳು ಮುಗಿದವು, ನೀಲಗಿರಿ ಸೌದೆಯ ರಾಶಿ ಅರ್ಧಕ್ಕೆ ಇಳಿಯಿತು. ಎರಡು ವರ್ಷ ಅವರ ಉಳಿತಾಯದ ವಿರುದ್ಧ ದನಿಯೆತ್ತಿದ್ದ ಅಜ್ಜಿಯೇ ಕೊನೆಗೆ ತಡೆಯಲಾರದೆ ಬಚ್ಚಲ ಬಾಗಿಲಿಗೆ ಬಂದರು.

“ಏನಮ್ಮ ಇದು, ಹಿಂಗೆ ಉರಿಸಿದ್ರೆ ಸೌದೆ ಯುಗಾದಿಗಂಟ ಬರುತ್ತಾ? ಅವನು ಆಗ್ಲೇ ಎರಡು ಹಂಡೆ ಹುಯ್ಕೊಂಡ.”

ಚಿಕ್ಕಮ್ಮ ಒಲೆಯಿಂದ ಮುಖ ತಿರುಗಿಸಲಿಲ್ಲ.

“ಹುಯ್ಕೊಳ್ಳಿ ಬಿಡಿ ಅತ್ತೆ. ಇನ್ನು ಒಂಬತ್ತೇ ದಿನ.”

 ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಹಿತ್ತಲಿಗೆ ಹೋದರು. ನನ್ನ ಮದುವೆಯ ಅಡುಗೆಗೆಂದು ಒಪ್ಪವಾಗಿ ಎತ್ತಿಟ್ಟಿದ್ದ ಹುಣಸೆಯ ಕೊರಡುಗಳಲ್ಲಿ ಒಂದನ್ನು ಎರಡೂ ಕೈಯಲ್ಲಿ ಎದೆಗೆ ಆನಿಸಿಕೊಂಡು ತಂದು ಒಲೆಗೆ ತಳ್ಳಿದರು. ಕಿಡಿ ಹಾರಿತು. ಅಜ್ಜಿ ಕೈ ಒರೆಸಿಕೊಂಡು ಗೂಡಿನಲ್ಲಿದ್ದ ಹರಳೆಣ್ಣೆಯ ಗಿಂಡಿಗೆ ಕೈ ಚಾಚಿದರು.

“ಅವನದಾದ ಮೇಲೆ ನೀನೂ ತಲೆಗೆ ನೀರು ಹಾಕ್ಕೊ. ಎಣ್ಣೆ ಒತ್ತುತೀನಿ, ಬಾ ಕೂತ್ಕೊ.”

ಚಿಕ್ಕಮ್ಮ ಅಲ್ಲೇ ಒಲೆಯ ಮುಂದೆ ಮಣೆ ಎಳೆದುಕೊಂಡು, ಅಜ್ಜಿಗೆ ಬೆನ್ನು ಮಾಡಿ ಕೂತು, ತುರುಬು ಬಿಚ್ಚಿದರು.