ಸರದಿ ಹಲಗೆ ಕಳೆದ ಸಂಗತಿ

ಮಾವ: ಆಗಲ್ಲ ಅಂದ್ರೆ ಆಗಲ್ಲ ಕಣಮ್ಮ. ಇವತ್ತು ನನ್ನ ಓಟು ಅಗಳಿ ಪಕ್ಷಕ್ಕೇ. ಬಾಗಿಲು ಮುಚ್ಚಬೇಕು, ಅಗಳಿ ಜಡೀಬೇಕು. ಹೊರಗಿಂದ ಬಂದಿದ್ದು ಸಾಕು.

ಸೊಸೆ: ದೇಶದ ಬಾಗಿಲು ಆಮೇಲೆ ನೋಡೋಣ ಮಾವ. ನಿಮ್ಮ ಒಂದು ಕಾಲಲ್ಲಿ ಕಪ್ಪು ಕಾಲುಚೀಲ ಇದೆ, ಇನ್ನೊಂದ್ರಲ್ಲಿ ನೀಲಿ.

ಮಾವ: ಮಾತು ತಿರುಗಿಸ್ಬೇಡ. ಹತ್ತು ಗಂಟೆಗೆ ಪಕ್ಷದೋರು ಕಾರು ಕಳಿಸ್ತಾರೆ. ನಾನು ರೆಡಿ.

ಮಾವ ಮೂವತ್ನಾಲ್ಕು ವರ್ಷ ಟ್ರಾಮ್ ಓಡಿಸಿದವರು. ಒಂದು ನಿಮಿಷ ಮುಂಚೆ ಹೊರಟವರಲ್ಲ, ಒಂದು ನಿಮಿಷ ತಡ ಮಾಡಿದವರೂ ಅಲ್ಲ. ಅಂಥವರು ಎಂಟು ಗಂಟೆಗೇ ಮಗನ ಮದುವೆಗೆ ಹೊಲಿಸಿದ್ದ ಕೋಟು ತೊಟ್ಟು ಅಡುಗೆಮನೆಯ ಕುರ್ಚಿಯಲ್ಲಿ ಪ್ರತಿಷ್ಠಾಪನೆಯಾಗಿದ್ದರು. ಮಗ ಬೆಳಗಿನ ಪಾಳಿಗೆ ಹೋಗಿದ್ದ. ಸೊಸೆಯ ಸೊಂಟದ ಮೇಲೆ ಎಂಟು ತಿಂಗಳ ಮಗಳು ಗುಬ್ಬಚ್ಚಿ, ಗುಬ್ಬಚ್ಚಿಯ ಬಾಯಲ್ಲಿ ಬೇಯಿಸಿದ ಕ್ಯಾರೆಟ್ಟು, ಅದರಲ್ಲಿ ಅರ್ಧ ಸೊಸೆಯ ಹೆಗಲ ಮೇಲೆ.

ಸೊಸೆ: ಅಲ್ಲ ಮಾವ, ಹೊರಗಿನೋರು ನಿಮಗೇನು ಮಾಡಿದ್ರು?

ಮಾವ: ನಮ್ಮೋರ ಕೆಲಸ ಕಿತ್ಕೋತಾರಂತೆ.

ಸೊಸೆ: ನೀವು ನಿವೃತ್ತಿಯಾಗಿ ಆರು ವರ್ಷ ಆಯ್ತು. ನಿಮ್ಮ ಯಾವ ಕೆಲಸ ಕಿತ್ಕೊಂಡ್ರು? ಮಧ್ಯಾಹ್ನದ ನಿದ್ದೆನಾ?

ಮಾವ: ಹೋಗ್ಲಿ, ಆಸ್ಪತ್ರೆ? ಮೊನ್ನೆ ಮಂಡಿ ತೋರಿಸೋಕೆ ಮೂರು ಗಂಟೆ ಕೂತೆ. ನನ್ನ ಮುಂದೆ ಹದಿನೇಳು ಜನ!

ಸೊಸೆ: ಅದ್ರಲ್ಲಿ ಹೊರಗಿನೋರು ಎಷ್ಟು?

ಮಾವ: ನಾಲ್ಕು.

ಸೊಸೆ: ಮಿಕ್ಕ ಹದಿಮೂರು?

ಮಾವ: ನಮ್ಮೋರೇ. ಎಲ್ಲಾ ಕೆಮ್ತಾ ಇದ್ರು. ನಮ್ಮೋರ ಕೆಮ್ಮು ಅಭ್ಯಾಸ ಆಗಿದೆ, ಕಿವಿಗೆ ಬೀಳಲ್ಲ.

ಸೊಸೆ: ಮುಂಚೆ ಅಲ್ಲಿ ಇಬ್ಬರು ಡಾಕ್ಟ್ರಿದ್ರು. ಒಬ್ಬರು ಹೋದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕ್ಲಿಲ್ಲ. ಅದೇನು ನಮ್ಮ ಮೇಲೆ ಮೂರನೇ ಮಹಡಿಗೆ ಬಂದಿರೋ ಹೊರಗಿನೋರು ಮಾಡಿದ್ದಾ?

ಮಾವ ಕೋಟಿನ ಗುಂಡಿಯೊಂದನ್ನು ಬಿಚ್ಚಿ ಮತ್ತೆ ಹಾಕಿಕೊಂಡರು.

ಮಾವ: ನೋಡಮ್ಮ, ಡಾಕ್ಟ್ರನ್ನ ಹಾಕದೇ ಇದ್ದೋನು ಯಾರು, ಎಲ್ಲಿ ಕೂತಿರ್ತಾನೆ, ನನಗೆ ಕಾಣ್ಸಲ್ಲ. ಪಕ್ಕದ ಬೆಂಚಲ್ಲಿ ಕೂತೋನು ಕಾಣ್ತಾನೆ. ಕಂಡೋನ ಮೇಲೇ ಸಿಟ್ಟು ಬರೋದು.

ಸೊಸೆ ಹೆಗಲ ಮೇಲಿನ ಕ್ಯಾರೆಟ್ಟು ಒರೆಸಿಕೊಂಡಳು. ಮಾವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅಷ್ಟರಲ್ಲಿ ಮಾವ ಮೇಜು ಗುದ್ದಿದರು. ಗುಬ್ಬಚ್ಚಿ ಹಿಗ್ಗಿ ತಾನೂ ಗುದ್ದಿತು, ಚಮಚ ಹಾರಿ ಸಿಂಕಿಗೆ ಬಿತ್ತು.

ಮಾವ: ಆಸ್ಪತ್ರೆ ಹಾಳಾಗ್ಲಿ. ಹಲಗೆ ಎಲ್ಲಿ? ನಮ್ಮ ಸರದಿ ಹಲಗೆ ಎಲ್ಲಿ, ಅದಕ್ಕೆ ಉತ್ತರ ಕೊಡು!

ಸೊಸೆ ಸಿಂಕಿನತ್ತ ತಿರುಗಿ ಚಮಚ ತೊಳೆಯತೊಡಗಿದಳು.

ಆ ಕಟ್ಟಡದಲ್ಲಿ ನಾಲ್ಕು ಮನೆ, ಒಂದೇ ಮೆಟ್ಟಿಲ ಸಾಲು. ಅಂಗೈಯಗಲದ ಒಂದು ಮರದ ಹಲಗೆ. ಯಾರ ಬಾಗಿಲಿನ ಹಿಡಿಗೆ ಅದು ನೇತಾಡುತ್ತದೋ ಆ ವಾರ ಅವರು ಮೆಟ್ಟಿಲು ತೊಳೆಯಬೇಕು. ಶನಿವಾರ ತೊಳೆದು, ಮುಂದಿನ ಮನೆಯ ಬಾಗಿಲು ತಟ್ಟಿ, ಹಲಗೆಯನ್ನು ಕೈಯಲ್ಲೇ ಒಪ್ಪಿಸಬೇಕು. ಈ ನಿಯಮ ಮಾಡಿದವರು ಮಾವನೇ. ತೂತು ಕೊರೆದು ದಾರ ಪೋಣಿಸಿದವರೂ ಅವರೇ. ಆ ಹಲಗೆ ಕಾಣೆಯಾಗಿ ಹನ್ನೊಂದು ವಾರ. ಮೂರನೇ ಮಹಡಿಗೆ ಬೇರೆ ದೇಶದ ಸಂಸಾರ ಬಂದೂ ಹನ್ನೊಂದು ವಾರ. ಎರಡಕ್ಕೆ ಎರಡು ಕೂಡಿಸಿ ಮಾವ ಇಪ್ಪತ್ತೆರಡು ಮಾಡಿಕೊಂಡಿದ್ದರು.

ಹಲಗೆ ಇದ್ದದ್ದು ಗುಬ್ಬಚ್ಚಿಯ ಲಂಗೋಟಿಗಳ ಡ್ರಾಯರಿನ ತಳದಲ್ಲಿ. ಅದು ಲೋಕದಲ್ಲಿ ಗೊತ್ತಿದ್ದದ್ದು ಸೊಸೆಯೊಬ್ಬಳಿಗೆ.

ಹಾಳು ಹಲ್ಲಿನಿಂದ ಆದದ್ದು ಎಲ್ಲ. ಮಗುವಿಗೆ ಹಲ್ಲು ಬರತೊಡಗಿದ ವಾರವೇ ಇವರ ಸರದಿ. ಸೋಮವಾರ ತೊಳೆಯೋಣ ಅಂದಳು, ಬುಧವಾರ ಅಂದಳು, ಮಗು ಸೊಂಟ ಬಿಟ್ಟು ಕೆಳಗಿಳಿಯಲಿಲ್ಲ. ಶನಿವಾರ ಬಾಗಿಲು ತೆರೆದು ನೋಡಿದರೆ ಮೂರನೇ ಮಹಡಿಯ ಹೆಂಗಸು ಬಕೆಟ್ಟಿಟ್ಟುಕೊಂಡು ಇವರ ಪಾಲಿನ ಮೆಟ್ಟಿಲು ತೊಳೆಯುತ್ತಿದ್ದಾಳೆ! ಆಕೆ ತುಟಿಯ ಮೇಲೆ ಬೆರಳಿಟ್ಟು, ಎರಡು ಕೈ ಕೆನ್ನೆಗೊತ್ತಿ ‘ನೀನು ಮಲಗು’ ಎಂದು ಸನ್ನೆ ಮಾಡಿದಳು. ಸೊಸೆ ಮಲಗಿದಳು. ನಾಚಿಕೆಗೆ ಹಲಗೆಯನ್ನು ಒಳಗಿಟ್ಟುಕೊಂಡಳು. ಬಾಗಿಲ ಹಿಡಿಯಲ್ಲಿ ಅದು ಕಾಣದಿದ್ದಾಗ ಮಾವ ಮೂರನೇ ಮಹಡಿಗೆ ದಾಟಿತೆಂದೇ ತಿಳಿದರು. ಮುಂದಿನ ವಾರ ಕೊಡೋಣ ಅಂದುಕೊಂಡಳು. ಒಂದು ದಿನ ಇಟ್ಟುಕೊಂಡ ಗುಟ್ಟಿಗೆ ವಾರವಾದರೆ ಗಡ್ಡ ಬರುತ್ತದೆ, ತಿಂಗಳಾದರೆ ಮುಖ ನೋಡೋಕಾಗೊಲ್ಲ.

ಸೊಸೆ: ಹಲಗೆ ಹೋದ್ರೆ ಹೋಗ್ಲಿ ಮಾವ, ಮೆಟ್ಟಿಲು ಕ್ಲೀನಾಗೇ ಇದೆಯಲ್ಲ?

ಮಾವ: ಅದೇ ಅನುಮಾನ! ಥಳಥಳ ಅಂತಿದೆ. ಹೇಳದೆ ಕೇಳದೆ ಯಾರಾದ್ರೂ ಪುಕ್ಸಟ್ಟೆ ಮೆಟ್ಟಿಲು ತೊಳೀತಾರಾ? ಏನೋ ಮಸಲತ್ತಿದೆ.

ಸೊಸೆ: ಕೊಳೆಯಾಗಿದ್ರೆ?

ಮಾವ: ಕೊಳಕರು ಅಂತಿದ್ದೆ.

ಸೊಸೆ: ಕ್ಲೀನಾಗಿದ್ರೆ ಮಸಲತ್ತು, ಕೊಳೆಯಾದ್ರೆ ಕೊಳಕರು. ಪಾಪ, ಆ ಹೆಂಗಸು ಮೆಟ್ಟಿಲನ್ನ ಅರ್ಧ ಒದ್ದೆ ಅರ್ಧ ಕೊಳೆ ಬಿಡ್ಬೇಕಾ?

ಮಾವ: ನಗಬೇಡ. ಮನೆಗೆ ಬಂದಿದ್ನಲ್ಲ, ಆ ಪಕ್ಷದ ಹುಡುಗ ನಗ್ಲಿಲ್ಲ. ನಾನು ಹೇಳಿದ್ದೆಲ್ಲಾ ಡೈರೀಲಿ ಬರ್ಕೊಂಡ. ಗೆದ್ದು ಮೂವತ್ತು ದಿನದಲ್ಲಿ ಹಲಗೆ ಹುಡುಕಿಸ್ತೀನಿ ಅಂದ.

ಸೊಸೆ: ದೇಶ ಆಳೋ ಪಕ್ಷ ನಮ್ಮ ಹಲಗೆ ಹುಡುಕುತ್ತಾ?

ಮಾವ: ಮಿಕ್ಕ ಪಕ್ಷದೋರು ಏನು ಹುಡುಕಿದ್ರು? ಬಾಗಿಲ ಸಂದೀಲಿ ಚೀಟಿ ತುರುಕಿ ಓಡಿಹೋದ್ರು. ಇವನು ಎರಡು ಮಹಡಿ ಹತ್ತಿ ಬಂದ, ಕೂತ, ಮಂಡಿ ಹೇಗಿದೆ ಅಂತ ಕೇಳ್ದ. ಒಂದು ಗಂಟೆ ಕೂತಿದ್ದ ಕಣಮ್ಮ.

ಸೊಸೆ: ಬಾಗಿಲು ಹಾಕಿ ಅನ್ನೋ ಪಕ್ಷಕ್ಕೆ ನೀವು ಬಾಗಿಲು ತೆಗೆದು ಟೀ ಬೇರೆ ಕೊಟ್ರಾ?

ಈ ಸಲ ಮಾವ ಮೇಜು ಗುದ್ದಲಿಲ್ಲ. ಕೋಟಿನ ತೋಳಿಗೆ ಅಂಟಿದ್ದ ಕ್ಯಾರೆಟ್ಟಿನ ಚೂರನ್ನು ಉಗುರಿನಿಂದ ಕೆರೆಯುತ್ತ ಕೂತರು.

ಮಾವ: ನೀನು ಹಾಸ್ಯ ಮಾಡ್ತೀಯ. ಆ ಹಲಗೆ ಇದ್ದಾಗ ತಿಂಗಳಿಗೊಂದು ಸಲ ಯಾರಾದ್ರೂ ಬಾಗಿಲು ತಟ್ಟೋರು. ‘ತಗೊಳ್ಳಿ ಯಜಮಾನ್ರೇ’ ಅನ್ನೋರು, ಎರಡು ಮಾತಾಡೋರು. ನಿನ್ನ ಗಂಡ ಬರೋದು, ಉಣ್ಣೋದು, ಮಲಗೋದು. ನಿನಗೆ ಕೂಸಿದೆ, ನಾನೇನೂ ತಪ್ಪು ಹೇಳ್ತಿಲ್ಲ. ಹನ್ನೊಂದು ವಾರದಲ್ಲಿ ನನ್ನ ಹುಡುಕ್ಕೊಂಡು ಬಾಗಿಲು ತಟ್ಟಿದೋನು ಅವನೊಬ್ಬನೇ. ಮೆಟ್ಟಿಲ ಮೇಲೆ ಎದುರು ಬಂದೋರ ಭಾಷೆ ನನಗೆ ಬರಲ್ಲ. ನನ್ನ ಮೆಟ್ಟಿಲಲ್ಲಿ ನಾನೇ ಪರದೇಶಿ ಆಗ್ಬಿಟ್ಟೆ.

ಸೊಸೆ ಗುಬ್ಬಚ್ಚಿಯನ್ನು ತಾತನ ತೊಡೆಯ ಮೇಲೆ ಕೂರಿಸಿದಳು. ನೆಟ್ಟಗೆ ಒಳಗೆ ಹೋದಳು. ಡ್ರಾಯರು ಎಳೆದ ಸದ್ದು, ತಳ್ಳಿದ ಸದ್ದು. ಬಂದವಳೇ ಹಲಗೆಯನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ನಿಂತಳು.

ಮಾವ: ಇದು... ಎಲ್ಲಿ ಸಿಕ್ತು?

ಸೊಸೆ: ಸಿಗ್ಲಿಲ್ಲ ಮಾವ. ನಾನೇ ಇಟ್ಕೊಂಡಿದ್ದೆ. ಸರದಿ ನಿಂತಿದ್ದು ನಮ್ಮ ಮನೇಲೇ. ಹನ್ನೊಂದು ವಾರದಿಂದ ನಮ್ಮ ಪಾಲನ್ನ ಮೇಲ್ಗಡೆ ಹೆಂಗಸೇ ತೊಳೀತಿದ್ದಾಳೆ. ನಾನು ಮಲಗ್ಲಿ ಅಂತ.

ಮಾವ: ನೀನಾ?

ಸೊಸೆ: ಹೂಂ.

ಮಾವ: ನಮ್ಮ ಮನೆಯೋಳೇ?

ಸೊಸೆ: ಬೈಯಿರಿ ಮಾವ. ಆದ್ರೆ ನನ್ನ ತಪ್ಪಿಗೆ ಅವಳ ಮೇಲೆ ಅಗಳಿ ಜಡೀಬೇಡಿ.

ಮಾವ ಕನ್ನಡಕ ಹಾಕಿ ಹಲಗೆಯನ್ನು ಹಿಂದೆ ಮುಂದೆ ತಿರುಗಿಸಿದರು. 

ಮಾವ: ಈ ಮೂಲೆ ಯಾರು ಕಚ್ಚಿದ್ದು?

ಸೊಸೆ: ಮೊಮ್ಮಗಳು. ಹಲ್ಲು ಕಡೀತಿತ್ತು. ಬೇರೆ ಯಾವ ಆಟಿಕೆಗೂ ಸುಮ್ಮನಾಗ್ತಿರ್ಲಿಲ್ಲ.

ಮಾವ: ಎರಡು ಹಲ್ಲಲ್ಲಿ ಇಷ್ಟು ಆಳ ಕಚ್ಚಿದ್ಯಾ? ಭೇಷ್! ಇದು ತೇಗದ ಮರ ಕಣೇ ಕಳ್ಳಿ!

ಗುಬ್ಬಚ್ಚಿ ತನ್ನ ಹಳೆಯ ಗೆಳೆಯನನ್ನು ಕಂಡು ಎರಡೂ ಕೈ ಚಾಚಿತು. ಮಾವನ ಮೀಸೆಯ ಕೆಳಗೆ ಏನೋ ಅಲುಗಾಡಿತು. ಅದು ನಗುವೋ ಸಿಟ್ಟೋ ತಿಳಿಯುವ ಮೊದಲೇ ಬಾಗಿಲು ತಟ್ಟಿದ ಸದ್ದಾಯಿತು. ಹತ್ತಕ್ಕೆ ಐದು ನಿಮಿಷ. ಮಾವ ಹಲಗೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

ಪಕ್ಷದ ಹುಡುಗ ಎದೆಯ ಮೇಲೆ ಅಂಗೈಯಷ್ಟು ದೊಡ್ಡ ಬಿಲ್ಲೆ, ಬಿಲ್ಲೆಯ ಮೇಲೆ ಅಗಳಿಯ ಚಿತ್ರ ಹೊತ್ತು ಒಳಬಂದ.

ಪಕ್ಷದೋನು: ನಮಸ್ಕಾರ ಯಜಮಾನ್ರೇ! ಕಾರು ಕೆಳಗಿದೆ. ಭುಜ ಹೇಗಿದೆ?

ಮಾವ: ಮಂಡಿ.

ಪಕ್ಷದೋನು: ಹಾಂ, ಮಂಡಿ, ಮಂಡಿ.

ಮಾವ: ಅದಿರ್ಲಿ. ನಮ್ಮ ಹಲಗೆ ವಿಷಯ ಏನಾಯ್ತು?

ಪಕ್ಷದೋನು: ತನಿಖೆ ಮುಗೀತು ಯಜಮಾನ್ರೇ. ಖಚಿತ ಮಾಹಿತಿ ಇದೆ. ಮೂರನೇ ಮಹಡಿಯೋರು ಒಲೆಗಿಟ್ಟು ಸುಟ್ಟುಬಿಟ್ಟಿದ್ದಾರೆ.

ಸೊಸೆ: ಅಯ್ಯೋ! ಸುಟ್ಟಿದ್ದನ್ನ ಯಾರು ನೋಡಿದ್ರು?

ಪಕ್ಷದೋನು: ಕಣ್ಣಾರೆ ಕಂಡ ಇಬ್ಬರಿದ್ದಾರೆ ತಾಯೀ. ಹೊಗೆ ಬೇರೆ ಬಂದಿತ್ತಂತೆ.

ಮಾವ: ಪೂರ್ತಿ ಸುಟ್ಟಿದ್ದಾರಾ, ಅರ್ಧನಾ?

ಪಕ್ಷದೋನು: ಬೂದಿ ಯಜಮಾನ್ರೇ! ಬರೀ ಬೂದಿ!

ಮಾವ ಬೆನ್ನ ಹಿಂದಿನಿಂದ ಹಲಗೆ ತೆಗೆದು ಅವನ ಮೂಗಿನ ಮುಂದೆ ಹಿಡಿದರು. ದಾರದಲ್ಲಿ ಅದು ನಿಧಾನವಾಗಿ ಒಂದು ಸುತ್ತು ತಿರುಗಿತು.

ಮಾವ: ಬೂದಿಗೆ ಹಲ್ಲಿನ ಗುರುತು ಬೇರೆ ಬಿದ್ದಿದೆ, ನೋಡು.

ಪಕ್ಷದೋನು: ಇದು... ಇನ್ನೊಂದು ಹಲಗೆ ಇರ್ಬೇಕು.

ಮಾವ: ಒಂದೇ ಹಲಗೆ ಕಣಪ್ಪ, ನಾನೇ ಕೊರೆದಿದ್ದು. ನೀನೊಬ್ಬ ನನ್ನ ಮಾತು ಕೇಳ್ತೀಯ ಅಂದ್ಕೊಂಡಿದ್ದೆ. ನೀನು ಕೇಳ್ತಿರ್ಲಿಲ್ಲ, ಬರ್ಕೋತಿದ್ದೆ ಅಷ್ಟೆ. ನನ್ನ ಮಂಡೀನ ಭುಜಕ್ಕೆ ಹತ್ತಿಸ್ದೆ, ನನ್ನ ಸಿಟ್ಟನ್ನ ಮೂರನೇ ಮಹಡಿಗೆ ಹತ್ತಿಸ್ದೆ.

ಪಕ್ಷದೋನು: ಯಜಮಾನ್ರೇ, ಕಾರು ಕಾಯ್ತಿದೆ...

ಮಾವ: ಟ್ರಾಮಲ್ಲಿ ಹೋಗ್ತೀನಿ. ಹೇಳಿದ ಟೈಮಿಗೆ ಬರುತ್ತೆ, ಇಲ್ಲದ್ದು ಹೇಳಲ್ಲ.

ಹುಡುಗ ಮೆಟ್ಟಿಲಿಗೆ ಕಾಲಿಟ್ಟನೋ ಇಲ್ಲವೋ, ಮೇಲಿಂದ ಒಂದು ಕೂಗು ಬಂತು. ಶನಿವಾರವಲ್ಲವೇ, ಮೂರನೇ ಮಹಡಿಯ ಹೆಂಗಸು ಅರ್ಧ ಮೆಟ್ಟಿಲು ಒರೆಸಿಯಾಗಿತ್ತು. ಕೈಯಲ್ಲಿ ಉದ್ದ ಕೋಲಿನ ಒರೆಸುಬಟ್ಟೆ ಹಿಡಿದು ಅವನ ಬೂಟಿನತ್ತ ಬೆರಳು ಮಾಡಿದಳು. ಏನಂದಳೆಂದು ಯಾರಿಗೂ ತಿಳಿಯಲಿಲ್ಲ, ಎಲ್ಲರಿಗೂ ಅರ್ಥವಾಯಿತು. ದೇಶದ ಬಾಗಿಲಿಗೆ ಅಗಳಿ ಜಡಿಯಬೇಕಾದವನು ಎರಡು ಬೂಟನ್ನೂ ಕೈಯಲ್ಲಿ ಹಿಡಿದು ಬೆಕ್ಕಿನ ಹೆಜ್ಜೆಯಲ್ಲಿ ಇಳಿದುಹೋದ.

ಸೊಸೆ: ಮಾವ, ಹಾಗಾದ್ರೆ ಓಟು?

ಮಾವ: ಸಂಜೆ ಆರರವರೆಗೂ ಟೈಮಿದೆ. ಯಾರಿಗೆ ಅಂತ ಕೇಳ್ಬೇಡ. ಆಸ್ಪತ್ರೆಗೆ ಇನ್ನೊಬ್ಬ ಡಾಕ್ಟ್ರನ್ನ ಹಾಕಿಸೋ ಯೋಗ್ಯತೆ ಇರೋರು ಯಾರಾದ್ರೂ ಇದ್ರೆ, ಚೀಟಿ ತುರುಕೋದು ಬಿಟ್ಟು ಬಾಗಿಲು ತಟ್ಟೋಕೆ ಹೇಳು.

ಸೊಸೆ: ಇನ್ಮೇಲೆ ದಿನಾ ಗುಬ್ಬಚ್ಚಿ ಮಲಗಿದ ಮೇಲೆ ನಾನೇ ನಿಮ್ಮ ಕೋಣೆ ಬಾಗಿಲು ತಟ್ತೀನಿ ಮಾವ. ಮಂಡಿ ವಿಷಯ ಪೂರ್ತಿ ಹೇಳಿ.

ಮಾವ: ಪೂರ್ತಿ ಅಂದ್ರೆ ಆರು ವರ್ಷದ್ದಿದೆ.

ಸೊಸೆ: ಅರ್ಧಗಂಟೆ ಕೊಡ್ತೀನಿ. ಕಂತಲ್ಲಿ ಹೇಳಿ.

ಮಾವ ಮದುವೆಯ ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು, ಅಂಗಿಯ ತೋಳು ಮಡಚಿದರು. ಹಲಗೆಯನ್ನು ತಮ್ಮ ಬಾಗಿಲ ಹಿಡಿಗೆ, ಎಲ್ಲರಿಗೂ ಕಾಣುವ ಹಾಗೆ ತಗುಲಿಸಿ, ಒಂದು ಕಾಲಲ್ಲಿ ಕಪ್ಪು ಒಂದು ಕಾಲಲ್ಲಿ ನೀಲಿ ಕಾಲುಚೀಲದೊಡನೆಯೇ ಮೆಟ್ಟಿಲಿಗೆ ನಡೆದು, ಒರೆಸುಬಟ್ಟೆಯ ಕೋಲಿಗೆ ಕೈ ಹಾಕಿದರು.

ಮಾವ: ಕೊಡಮ್ಮ ಇಲ್ಲಿ. ನಮ್ಮದು ಹನ್ನೊಂದು ವಾರ ಬಾಕಿ ಇದೆ.

ಹೆಂಗಸು ಕೋಲು ಬಿಡಲಿಲ್ಲ. ಅವರ ಮಂಡಿಯತ್ತ ನೋಡಿದಳು, ಎರಡು ಬಣ್ಣದ ಕಾಲುಚೀಲ ನೋಡಿದಳು, ತಲೆಯಾಡಿಸಿದಳು. ಇಲ್ಲಿಗೆ ಬಂದ ಮೇಲೆ ಕಲಿತಿದ್ದ ನಾಲ್ಕು ಮಾತಿನಲ್ಲಿ ಎರಡನ್ನು ಹುಡುಕಿ ತೆಗೆದಳು.

ಮೇಲ್ಗಡೆಯಾಕೆ: ನನ್ನ ಕೆಲಸ!

ಮಾವ ಎಳೆದರು. ಆಕೆ ಎಳೆದಳು. ಮಾವ ಒಂದು ಮೆಟ್ಟಿಲು ಮೇಲೆ ಹೋದರು, ಆಕೆ ಒಂದು ಮೆಟ್ಟಿಲು ಕೆಳಗೆ ಬಂದಳು. ಬಕೆಟ್ಟು ತೂಗಾಡಿತು, ಗುಬ್ಬಚ್ಚಿ ಅಮ್ಮನ ಸೊಂಟದ ಮೇಲಿಂದ ಕೇಕೆ ಹಾಕಿತು. ಕೊನೆಗೆ ಕೋಲು ಆಕೆಯ ಕೈಯಲ್ಲೇ ಉಳಿಯಿತು. ಮಾವ ಏದುಸಿರು ಬಿಡುತ್ತ ಸೊಸೆಯ ಕಡೆ ತಿರುಗಿದರು. ಹನ್ನೊಂದು ವಾರದಲ್ಲಿ ಅವರ ಮುಖ ಅಷ್ಟು ಅರಳಿದ್ದನ್ನು ಅವಳು ಕಂಡಿರಲಿಲ್ಲ.

ಮಾವ: ನೋಡಿದ್ಯೇನಮ್ಮ? ಆ ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ! ಹೊರಗಿಂದ ಬರ್ತಾರೆ, ನಮ್ಮ ಕೈಲಿರೋ ಕೆಲಸಾನ ಕಿತ್ಕೋತಾರೆ!