ಒಂದೇ ಕಿವಿಯ ಹುಲಿಗಳು

ಬ್ರಿಟಿಷರ ಆಳ್ವಿಕೆಯ ಕೊಡಗಿನಲ್ಲಿ ಹನ್ನೊಂದು ವರ್ಷಗಳ ಅವಧಿಯಲ್ಲಿ ಮುನ್ನೂರ ಹದಿಮೂರು ಹುಲಿಗಳು ಹತವಾದವು. ಅವುಗಳಲ್ಲಿ ಒಂದಕ್ಕೂ ಎಡಗಿವಿ ಇರಲಿಲ್ಲ. ಇದು ಮಡಿಕೇರಿಯ ದುಷ್ಟಮೃಗ ಬಹುಮಾನ ಕಚೇರಿಯ ದಫ್ತರದಿಂದ ಸಿದ್ಧವಾದ ಸಂಗತಿ.

ಆ ದಫ್ತರ ಬರೆದವರು ಶನಿವಾರಸಂತೆಯ ಲೆಕ್ಕಿಗ ಕರಿಬಸಪ್ಪನವರು. ಲಿಂಗಪೂಜೆಯಾಗದೆ ನೀರು ಮುಟ್ಟದವರು. ಹುಲಿಯನ್ನು ಶಿವನ ಪಟದಲ್ಲಿ, ಅದೂ ಆಸನವಾಗಿ ಕಂಡಿದ್ದರೇ ಹೊರತು ಜೀವಸಹಿತ ಕಂಡವರಲ್ಲ. ನಿಯಮ ಸರಳವಾಗಿತ್ತು. ಹುಲಿಯ ಚರ್ಮ ತಂದೊಪ್ಪಿಸಿದವನಿಗೆ ಐದು ರೂಪಾಯಿ. ಅದು ಮೇಲಿನ ಸರ್ಕಾರದ ಖರ್ಚು. ಆ ಚರ್ಮವನ್ನು ಹರಾಜು ಹಾಕಿದರೆ ಎರಡು ರೂಪಾಯಿ. ಅದು ಕೊಡಗಿನ ಆದಾಯ. ಗಾಳಿಬೀಡಿನ ಬೇಟೆಗಾರ ದೇರಪ್ಪನು ಸೋಮವಾರ ಹರಾಜಿನಲ್ಲಿ ಕೊಂಡ, ಎಡಗಿವಿಯನ್ನು ಇಲಿ ತಿಂದ ಚರ್ಮವನ್ನೇ ಗುರುವಾರ ತಂದೊಪ್ಪಿಸಿದಾಗ, ಅದನ್ನು ತಡೆಯುವ ನಿಯಮವನ್ನು ಕರಿಬಸಪ್ಪನವರು ಹುಡುಕಿದರು. ಇರಲಿಲ್ಲ. ಇಲ್ಲದ ನಿಯಮವನ್ನು ಮೀರುವುದು ಅವರಿಂದಾಗದ ಮಾತು.

ಹೀಗೆ ಅದೇ ಚರ್ಮ ಹರಾಜಿಗೂ ಬಹುಮಾನಕ್ಕೂ ಮತ್ತೆ ಮತ್ತೆ ಸುತ್ತಿ, ಕೊಡಗಿನ ಆದಾಯ ವರ್ಷೇ ವರ್ಷೇ ಬೆಳೆಯಿತು. ಇಂತಹ ಲೆಕ್ಕಿಗನನ್ನು ಹಣಕಾಸಿನ ಮಂತ್ರಿಯಾಗಿಸಬೇಕೆಂದು ದೊರೆಗಳು ನಿಶ್ಚಯಿಸಿದರು. ಅಂತಹ ಹುದ್ದೆಯೇ ಇರಲಿಲ್ಲವಾದ್ದರಿಂದ ಮೊದಲು ಅದಕ್ಕೊಂದು ಬೀಟೆಮರದ ಕುರ್ಚಿ ಮಾಡಿಸಲಾಯಿತು. ಷರತ್ತು ಒಂದೇ: ಅಂದಾಜುಪತ್ರದಲ್ಲಿ ನಮೂದಾದ ಮುನ್ನೂರ ಹದಿಮೂರನೆಯ ಹುಲಿಯು ಮಾರ್ಚಿ ಮುಗಿಯುವುದರೊಳಗೆ ಸಾಯತಕ್ಕದ್ದು.

ಅದೇ ವಾರ ಆ ಹಳೆಯ ಚರ್ಮವು ದೇರಪ್ಪನ ಕೈಯಲ್ಲೇ ಹುಡಿಹುಡಿಯಾಯಿತು.

"ಬೇರೆ ಹುಲಿ ತಾರಪ್ಪ," ಎಂದರು ಕರಿಬಸಪ್ಪನವರು.

"ಎಲ್ಲಿಂದ ತರೋದು ಸ್ವಾಮಿ?"

"ಕಾಡಿನಿಂದ. ನೀನು ಬೇಟೆಗಾರನಲ್ಲವೇ?"

"ನಿಮ್ಮ ದಫ್ತರದಲ್ಲಿ ಹೌದು. ಬಂದೂಕು ಹಾರಿಸಿ ಹನ್ನೊಂದು ವರ್ಷ ಆಯ್ತು. ಅದರ ನಳಿಗೇಲಿ ನನ್ನ ಹೆಂಡತಿ ಒಲೆ ಊದ್ತಾಳೆ."

ಆದರೂ ಮಂತ್ರಿಯಾಗಲಿರುವವರ ಮಾತು ಮೀರಲುಂಟೇ? ಹೆಂಡತಿಯಿಂದ ನಳಿಗೆ ಬಿಡಿಸಿಕೊಂಡು ಹೋದವನು ಎಂಟು ದಿನ ಮರದ ಮೇಲೆ ಕುಳಿತು, ಮಾರ್ಚಿ ಮೂವತ್ತೊಂದರ ಮಧ್ಯಾಹ್ನ ಹರಿದ ಪಂಚೆಯಲ್ಲಿ ಕುಂಟುತ್ತ ಬಂದು, ನಿಜವಾದ ಹುಲಿಯ ಚರ್ಮವನ್ನು ಮೇಜಿನ ಮೇಲೆ ಹಾಸಿದನು. ಕರಿಬಸಪ್ಪನವರು ಮೂಗಿಗೆ ವಸ್ತ್ರ ಹಿಡಿದು ಪರಿಶೀಲಿಸಿ ಬಿಳಿಚಿಕೊಂಡರು.

"ಇದಕ್ಕೆ ಎರಡು ಕಿವಿ."

"ಹುಟ್ಟುವಾಗಲೇ ಇತ್ತೇನೋ, ಸ್ವಾಮಿ."

"ದಫ್ತರ ನೋಡು. ಒಂದಕ್ಕಾದರೂ ಎರಡಿದೆಯೇ? ಇದನ್ನು ಹೀಗೇ ಬರೆದುಕೊಂಡರೆ ಉಳಿದ ಮುನ್ನೂರ ಹನ್ನೆರಡೂ ಸುಳ್ಳಾಗುತ್ತವೆ. ಮೇಲಿನವರಿಗೆ ಏನು ಹೇಳಲಿ?"

ದೇರಪ್ಪನು ಬೀಟೆಯ ಕುರ್ಚಿಯನ್ನೊಮ್ಮೆ, ತನ್ನ ಮೊಣಕಾಲಿನ ಗಾಯವನ್ನೊಮ್ಮೆ ನೋಡಿದನು. "ಕತ್ತಿ ನಿಮ್ಮಲ್ಲುಂಟೋ, ನಾನೇ ತರಬೇಕೋ?"

"ಕಾಗದದ ಕತ್ತರಿ ಇದೆ," ಎಂದು ಕರಿಬಸಪ್ಪನವರು ಮುಖವನ್ನು ಆಚೆಗೆ ತಿರುಗಿಸಿಕೊಂಡರು.

ಮರುದಿನ ಮಂತ್ರಿಗಳು ಕುರ್ಚಿಯಲ್ಲಿ ಕುಳಿತು ಮೊದಲ ಪ್ರಕಟಣೆ ಹೊರಡಿಸಿದರು: "ಸಮಸ್ತರಿಗೂ ತಿಳಿಯಪಡಿಸುವುದೇನೆಂದರೆ, ಕೊಡಗಿನ ಹುಲಿಗೆ ಒಂದೇ ಕಿವಿ ಇರತಕ್ಕದ್ದು. ಎರಡು ಕಿವಿಯುಳ್ಳದ್ದು ಮೈಸೂರು ಸೀಮೆಯದೆಂದು ಭಾವಿಸಲ್ಪಡುವುದು. ಅದು ದನ ಹಿಡಿದಲ್ಲಿ ಅಹವಾಲನ್ನು ಅಲ್ಲಿಗೇ ಸಲ್ಲಿಸತಕ್ಕದ್ದು."

ಯಾರೂ ತಕರಾರು ತೆಗೆಯಲಿಲ್ಲ. ಮೈಸೂರು ಗಡಿಯ ಶಿರಂಗಾಲದಲ್ಲಂತೂ ಅಂದಿನಿಂದ ಕೊಟ್ಟಿಗೆಗೆ ಹುಲಿ ನುಗ್ಗಿದರೆ, ಜನರು ಕೂಗಿಕೊಳ್ಳುವ ಮೊದಲು ದೀಪ ಹಿಡಿದು ಹತ್ತಿರ ಹೋಗಿ ಕಿವಿ ಎಣಿಸತೊಡಗಿದರು.