ಅರ್ಧ ಬಾವಿ, ಒಂದು ನಳ್ಳಿ

ಹರಿಯುವ ನೀರಿನ ಸದ್ದು ಕಿವಿಗೆ ಬಿದ್ದರೆ ನನ್ನ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇದು ರೋಗವೋ ಸ್ವಭಾವವೋ ನನಗೆ ಇಂದಿಗೂ ಗೊತ್ತಾಗಿಲ್ಲ. ತೋಡು ದಾಟುವ ಸಂಕದ ಮೇಲೆ ಮೈಮರೆತು ನಿಂತು ಶಾಲೆಗೆ ತಡವಾಗಿ ಹೋಗುವ ಮಾಸ್ಟ್ರು ಉಡುಪಿಯ ಸುತ್ತಮುತ್ತ ನಾನೊಬ್ಬನೇ ಇದ್ದಿರಬೇಕು. ಭೂಗೋಳ ಕಲಿಸುತ್ತಿದ್ದುದರಿಂದ, ನೀರಿನ ಹರಿವನ್ನು ಗಮನಿಸುತ್ತಿದ್ದೆ ಎಂದು ಹೆಡ್‌ಮಾಸ್ಟ್ರಿಗೆ ಹೇಳಿ ಪಾರಾಗುತ್ತಿದ್ದೆ. ಲೆಕ್ಕದ ಮಾಸ್ಟ್ರಾಗಿದ್ದರೆ ಏನು ಹೇಳುತ್ತಿದ್ದೆನೋ. ಇಂಥ ನನಗೆ ಐವತ್ತರ ದಶಕ ಮುಗಿಯುತ್ತಾ ಬಂದಾಗ ಒಂದು ಸುದ್ದಿ ಸಿಕ್ಕಿತು: ಹೊಳೆಯ ನೀರನ್ನು ಪಂಪಿನಿಂದ ಗುಡ್ಡದ ಮೇಲಿನ ಟಾಂಕಿಗೆ ಏರಿಸಿ, ಅಲ್ಲಿಂದ ಕೊಳವೆಯಲ್ಲಿ ಮನೆಮನೆಗೆ ಬಿಡುತ್ತಾರಂತೆ. ಆ ದಿನ ನನಗೆ ಊಟ ಸೇರಲಿಲ್ಲ. ಹೊಳೆಯೇ ನಡೆದುಕೊಂಡು ನಮ್ಮ ಅಡುಗೆಮನೆಗೆ ಬರುವುದನ್ನು ಕಣ್ಣುಮುಚ್ಚಿ ನೋಡುತ್ತಾ ಕುಳಿತಿದ್ದೆ.

ನಮ್ಮದು ಕಾಪುವಿಗೂ ಕಾರ್ಕಳಕ್ಕೂ ನಡುವೆ ಇರುವ ಸಣ್ಣ ಪೇಟೆ. ಹೆಸರು ಹೇಳುವುದಿಲ್ಲ, ಅಲ್ಲಿಯವರು ಇನ್ನೂ ನನ್ನ ಮೇಲೆ ಪ್ರೀತಿ ಇಟ್ಟುಕೊಂಡಿದ್ದಾರೆ. ನಳ್ಳಿ ಬರುವ ಮೊದಲು ಅಲ್ಲಿ ನೀರೆಂದರೆ ಬಾವಿ. ಶಾಲೆಯ ಬಾವಿಯ ನೀರಿಗೆ ಸ್ವಲ್ಪ ತುಕ್ಕಿನ ರುಚಿ. ಇಗರ್ಜಿಯ ಹಿಂದಿನ ಬಾವಿಯ ನೀರಿನಲ್ಲಿ ಬೇಳೆ ಚೆನ್ನಾಗಿ ಬೇಯುತ್ತದೆ ಎಂದು ಎಲ್ಲ ಜಾತಿಯವರೂ ಒಪ್ಪಿದ್ದರು. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಎತ್ತಿನ ಗಾಡಿಯಲ್ಲಿ ಪೀಪಾಯಿ ತುಂಬಿ ನೀರು ಬರುತ್ತಿತ್ತು. ಗಾಡಿ ತಡವಾದ ದಿನ ಕಾಫಿ ದಪ್ಪವಾಗಿ, ರುಚಿಯಾಗಿ ಇರುತ್ತಿತ್ತು. ನಳ್ಳಿಯ ಸುದ್ದಿ ಬಂದ ಮೇಲೆ ಒಂದು ಸಮಿತಿಯಾಯಿತು. ಊರಿನ ನಕ್ಷೆ ಬಿಡಿಸಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನನ್ನೂ ಅದರೊಳಗೆ ಸೇರಿಸಿದರು. ನಾನು ನೀಲಿ ಶಾಯಿಯಲ್ಲಿ ಕೊಳವೆಯ ದಾರಿಯನ್ನು ಎಷ್ಟು ಅಂದವಾಗಿ ಬರೆದೆನೆಂದರೆ, ಅದು ಕೊಳವೆಗಿಂತ ಹೆಚ್ಚಾಗಿ ನದಿಯಂತೆಯೇ ಕಾಣುತ್ತಿತ್ತು. ಇಂಜಿನಿಯರರು ಅದನ್ನು ನೋಡಿ, "ಮಾಸ್ಟ್ರೇ, ಕೊಳವೆ ಇಷ್ಟು ಬಳುಕುವುದಿಲ್ಲ" ಎಂದು ಮಡಚಿ ಕಿಸೆಗೆ ಹಾಕಿಕೊಂಡರು.

ಈಗ ನಮ್ಮ ಮನೆಯ ವಿಷಯಕ್ಕೆ ಬರಬೇಕು. ಮನೆಯಲ್ಲಿ ನಾನು, ನನ್ನ ಹೆಂಡತಿ ಸುಮತಿ, ಮತ್ತು ನನ್ನ ತಂದೆಯ ಅಕ್ಕ ಪದ್ದತ್ತೆ. ಪದ್ದತ್ತೆ ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವರು. ಮಡಿಯಲ್ಲಿ ಅವರನ್ನು ಮೀರಿಸುವವರು ಮಠದಲ್ಲೂ ಇರಲಿಲ್ಲವೆಂದು ನನ್ನ ನಂಬಿಕೆ. ನಮಗಿದ್ದದ್ದು ಅರ್ಧ ಬಾವಿ. ಉಳಿದರ್ಧ ಪಕ್ಕದ ಕ್ರೈಸ್ತರ ಮನೆಯ ಕಾರ್ಮಿನ್ ಬಾಯಿಯದು. ಅವರ ಗಂಡ ಮುಂಬಯಿಯಲ್ಲಿ ಅಡುಗೆಯ ಕೆಲಸದಲ್ಲಿದ್ದರು, ವರ್ಷಕ್ಕೊಮ್ಮೆ ಬರುತ್ತಿದ್ದರು. ಹಿಂದೆ ಯಾರೋ ಜಾಗ ಪಾಲು ಮಾಡುವಾಗ ಗಡಿ ಸರಿಯಾಗಿ ಬಾವಿಯ ಮೇಲೆಯೇ ಹಾದುಹೋಗಿತ್ತು. ಬಾವಿಯ ಬಾಯಿಗೆ ಅಡ್ಡಲಾಗಿ ಕಲ್ಲಿನ ತೊಲೆ ಇಟ್ಟು, ಅದರ ಮೇಲೆ ಎದೆಯೆತ್ತರದ ಮುರಕಲ್ಲಿನ ಗೋಡೆ ಕಟ್ಟಿದ್ದರು. ಈ ಕಡೆ ನಮ್ಮ ರಾಟೆ, ಆ ಕಡೆ ಅವರ ರಾಟೆ. ಕೆಳಗೆ ನೀರು ಮಾತ್ರ ಒಂದೇ.

ಒಂದೇ ಎಂದು ನಾವು ಹೇಳುವುದು. ಪದ್ದತ್ತೆಗೆ ಅದು ಎರಡು. ಗೋಡೆಯ ನೇರಕ್ಕೆ ನೀರಿನ ಮೇಲೂ ಒಂದು ಗೆರೆ ಉಂಟೆಂದು ಅವರು ತಿಳಿದಿದ್ದರು, ಆ ಗೆರೆ ಅವರಿಗೆ ಕಾಣುತ್ತಲೂ ಇತ್ತು. ಕೊಡಪಾನ ಇಳಿಯುವಾಗ ತೂಗಾಡಿ ಆ ಕಡೆ ಹೋದರೆ ತುಂಬಿದ ನೀರನ್ನು ತುಳಸಿಗೂ ಹಾಕದೆ ಬಾಳೆಯ ಬುಡಕ್ಕೆ ಚೆಲ್ಲಿ ಮತ್ತೆ ಸೇದುತ್ತಿದ್ದರು. ಕಾರ್ಮಿನ್ ಬಾಯಿಗೆ ಇದು ಗೊತ್ತಿತ್ತು. ಬೇಸರಪಟ್ಟುಕೊಳ್ಳುವುದು ಅವರ ಜಾಯಮಾನದಲ್ಲಿರಲಿಲ್ಲ. ತಮ್ಮ ಬಕೆಟು ಈ ಕಡೆ ಬಂದರೆ ಅದಕ್ಕೇ ಬೈಯುತ್ತಿದ್ದರು: "ಎಲ್ಲಿಗೆ ಹೋಗ್ತಿ? ನಿನಗೆ ನಿನ್ನ ಮನೆ ಗೊತ್ತಿಲ್ವಾ?" ಪದ್ದತ್ತೆ, "ಪಾಪ, ಅದಕ್ಕೆ ಎಂತ ಗೊತ್ತುಂಟು, ಬಿಡಿ ಬಾಯಿ" ಎನ್ನುತ್ತಿದ್ದರು. ಹೀಗೆ ಶುರುವಾದ ಮಾತು ಉಪ್ಪಿನಕಾಯಿ, ಮೊಣಕಾಲು ನೋವು, ಮುಂಬಯಿಯ ಸೆಕೆ ಎಲ್ಲವನ್ನೂ ಸುತ್ತಿ ಬರುತ್ತಿತ್ತು. ಮಾತು ತುಳುವಿನಲ್ಲಿ, ಇಲ್ಲಿ ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿದವರಲ್ಲ. ಆದರೂ ಪದ್ದತ್ತೆಗೆ ಅವರಷ್ಟು ಹತ್ತಿರದವರು ನಮ್ಮ ಬಂಧುಬಳಗದಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ರಜೆಯಿದ್ದಾಗ ನಾನು ಜಗಲಿಯಲ್ಲಿ ಒರಗಿ ಆ ಎರಡು ರಾಟೆಗಳ ಕಿರುಗುಟ್ಟುವಿಕೆಯನ್ನೂ ನಡುವಿನ ಮಾತನ್ನೂ ಕೇಳುತ್ತಾ ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲುತ್ತಿದ್ದೆ.

ಕೊನೆಗೂ ನಳ್ಳಿ ಬಂತು. ಕೊಳವೆಗಳು ರಸ್ತೆ ಬದಿಯಲ್ಲಿ ಎರಡು ಮಳೆಗಾಲ ಮಲಗಿದ್ದು, ಅವುಗಳೊಳಗೆ ಬೆಕ್ಕುಗಳು ಮರಿ ಹಾಕಿ ದೊಡ್ಡದು ಮಾಡಿದ ಮೇಲೆ ಬಂತು. ಪೇಟೆಯಲ್ಲಿ ಭಾಷಣವಾಯಿತು, ಮಾವಿನ ತೋರಣ ಕಟ್ಟಿದ ನಳ್ಳಿ ಮೊದಲು ಕೆಮ್ಮಿತು, ಆಮೇಲೆ ಕೆಂಪು ನೀರು ಕಾರಿತು, ಆಮೇಲೆ ತಿಳಿಯಾಯಿತು. ನಮ್ಮ ಅಡುಗೆಮನೆಗೂ ಒಂದು ಹಿತ್ತಾಳೆಯ ನಳ್ಳಿ ಹಾಕಿಸಿದೆ. ಸುಮತಿ ಅದರ ಕೆಳಗೆ ಕೈಯೊಡ್ಡಿ ಬಹಳ ಹೊತ್ತು ಸುಮ್ಮನೆ ನಿಂತಿದ್ದಳು. ಪದ್ದತ್ತೆ ದೂರದಿಂದ ನೋಡಿ, "ಇದು ಎಲ್ಲಿಂದ ಬರುವುದು, ವಾಸು?" ಎಂದು ಕೇಳಿದರು. ಅಲ್ಲಿಗೇ ಸುಮ್ಮನಿರಬೇಕಿತ್ತು. ನನ್ನೊಳಗಿನ ಭೂಗೋಳದ ಮಾಸ್ಟ್ರು ಎದ್ದು ನಿಂತ. ಹೊಳೆಯಿಂದ ಗುಡ್ಡಕ್ಕೆ, ಗುಡ್ಡದಿಂದ ಇಳಿದು ಮೀನು ಮಾರ್ಕೆಟಿನ ಹಿಂದಿನಿಂದ, ಶೇಂದಿ ಅಂಗಡಿಯ ಮುಂದಿನಿಂದ, ಎಂದು ದಾರಿಯುದ್ದಕ್ಕೂ ವಿವರಿಸಿದೆ. ಸಾಲದೆಂದು ನಳ್ಳಿ ತಿರುಗಿಸಿದರೆ ನೀರು ನಿಲ್ಲುವುದು ಹೇಗೆ ಎಂಬುದನ್ನೂ ಹೇಳಿದೆ.

"ಒಳಗೆ ಒಂದು ಸಣ್ಣ ಬಿಲ್ಲೆ ಉಂಟು ಅತ್ತೆ. ಅದು ಒತ್ತಿ ಹಿಡಿಯುತ್ತದೆ."

"ಎಂಥದರ ಬಿಲ್ಲೆ?"

"ಚರ್ಮದ್ದು."

ಅತ್ತೆ ಕೊಡಪಾನ ಎತ್ತಿಕೊಂಡು ಬಾವಿಗೆ ಹೋದರು. ಸುಮತಿ ನನ್ನನ್ನು ನೋಡಿದ ನೋಟವನ್ನು ಯಾವ ನಕ್ಷೆಯಲ್ಲೂ ಗುರುತಿಸಲಾಗದು.

ಆ ವರ್ಷದ ಬೇಸಿಗೆ ಬಹಳ ಬಿಗಿಯಾಗಿತ್ತು. ಬಾವಿಯ ತಳದ ಬಂಡೆ ಎಂದೂ ಕಾಣದಿದ್ದದ್ದು ಕಾಣತೊಡಗಿತು. ಬಂಡೆ ಕಾರ್ಮಿನ್ ಬಾಯಿಯ ಕಡೆಗೆ ಇಳಿಜಾರಾಗಿತ್ತು. ಒಂದು ಬೆಳಿಗ್ಗೆ ನೋಡಿದರೆ ಉಳಿದ ನೀರೆಲ್ಲ ಅವರ ಕಡೆ ಸೇರಿ, ನಮ್ಮ ಅರ್ಧ ಪೂರ್ತಿ ಒಣಗಿಹೋಗಿತ್ತು. ನಮಗೇನು, ನಳ್ಳಿ ಇತ್ತು. ಪದ್ದತ್ತೆಗೆ ಈ ಕಡೆ ಚರ್ಮ, ಆ ಕಡೆ ಗೆರೆ. ಅವರು ತೆಂಗಿನ ಬೊಂಡದ ನೀರು ಕುಡಿದು ದಿನ ಕಳೆಯತೊಡಗಿದರು. ಅಡುಗೆ ಬೇಡವೆಂದರು. ನಾನೂ ಸುಮತಿಯೂ ಎಷ್ಟು ಹೇಳಿದರೂ, "ನೀವು ಕುಡಿಯಿರಿ, ನಾನು ಬೇಡ ಅಂತ ಹೇಳಿದೆನಾ?" ಎಂದು ಬಿಟ್ಟರು. ಸಿಟ್ಟಿಲ್ಲ, ಹಟವೂ ಅಲ್ಲ; ಅವರಿಗೆ ಬೇರೆ ದಾರಿ ಕಾಣುತ್ತಿರಲಿಲ್ಲ ಅಷ್ಟೆ. ಜಗಲಿಯಲ್ಲಿ ಗೋಡೆಗೆ ಒರಗಿ ಕೂರುತ್ತಿದ್ದ ಅವರ ಕೈ ನೋಡನೋಡುತ್ತಾ ಸಣ್ಣದಾಗುತ್ತಿತ್ತು. ನನ್ನ ಹೊಳೆಯ ಕನಸು ಮನೆಯ ಹಿರಿಯರೊಬ್ಬರ ಬಾಯಿ ಒಣಗಿಸಿತಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ನಮ್ಮ ರಾಟೆಯ ಸದ್ದು ನಿಂತದ್ದನ್ನು ಕಾರ್ಮಿನ್ ಬಾಯಿ ಗಮನಿಸಿದರು. ಗೋಡೆಯ ಮೇಲಿನಿಂದ ಮುಖ ತೋರಿಸಿ, "ಮಾಸ್ಟ್ರೇ, ಪದ್ದಮ್ಮನಿಗೆ ಹುಷಾರಿಲ್ವಾ?" ಎಂದು ಕೇಳಿದರು. ನಾನು ಸಂಕೋಚದಿಂದಲೇ ಎಲ್ಲವನ್ನೂ ಹೇಳಿದೆ. ಅವರು ಬಾವಿಯೊಳಗೆ ಬಗ್ಗಿ ಸ್ವಲ್ಪ ಹೊತ್ತು ನೋಡಿ, "ಅವರನ್ನು ಕರೆಯಿರಿ. ಕೊಡಪಾನ ತರಲಿಕ್ಕೆ ಹೇಳಿ" ಎಂದರು. ಅತ್ತೆ ಸುಮತಿಯ ಹೆಗಲು ಹಿಡಿದುಕೊಂಡು ಬಂದರು.

"ಪದ್ದಮ್ಮ, ನಿಮ್ಮ ಕಡೆ ಬಂಡೆಯಲ್ಲಿ ಒಂದು ಗುಳಿ ಉಂಟಲ್ಲ, ಅದು ಯಾರದ್ದು?"

"ನಮ್ಮದು."

"ಅದರಲ್ಲಿ ನೀರಿದ್ದರೆ?"

"ಅದೂ ನಮ್ಮದೇ. ಇಲ್ಲವಲ್ಲ ಬಾಯಿ."

ಕಾರ್ಮಿನ್ ಬಾಯಿ ತಮ್ಮ ಕಡೆಯಿಂದ ಒಂದು ಬಕೆಟು ಸೇದಿದರು. ಅದನ್ನು ಎರಡೂ ಕೈಯಲ್ಲಿ ಎತ್ತಿ, ಗೋಡೆಯ ಮೇಲಿಂದ ಬಾಗಿ, ನಮ್ಮ ಅರ್ಧ ಬಾವಿಯೊಳಕ್ಕೆ ಸುರಿದುಬಿಟ್ಟರು. ನೀರು ಬಿಸಿಲಿನಲ್ಲಿ ಒಂದು ಕ್ಷಣ ಹೊಳೆದು ಕೆಳಗಿಳಿಯಿತು. ಕಲ್ಲಿಗೆ ಬಡಿದ ಸದ್ದು ತುಂಬ ಆಳದಿಂದ ಬಂತು. ಗುಳಿ ತುಂಬಿತು. ಅತ್ತೆ ಅದನ್ನೇ ನೋಡುತ್ತಾ ನಿಂತರು.

"ಬಾವಿಗೆ ಬಿದ್ದ ನೀರು ಬಾವಿಯದ್ದೇ ಅಲ್ವಾ," ಎಂದರು ಅತ್ತೆ, ನಾನು ಏನೋ ಆಕ್ಷೇಪ ಎತ್ತಿದವನಂತೆ ನನ್ನ ಕಡೆ ತಿರುಗಿ. "ನೀನು ಭೂಗೋಳದವನು, ಹೇಳು."

"ಹೌದು ಅತ್ತೆ," ಎಂದೆ. ಮಾಸ್ಟ್ರಿಕೆಯಲ್ಲಿ ನಾನು ಕೊಟ್ಟ ಅತ್ಯಂತ ಉಪಯುಕ್ತವಾದ ಉತ್ತರ ಅದು.

"ಬೇಗ ಸೇದಿ ಮಾರಾಯ್ರೆ," ಎಂದರು ಕಾರ್ಮಿನ್ ಬಾಯಿ. "ಪುನಃ ನನ್ನ ಕಡೆಗೆ ಇಳಿದು ಬರ್ತಾ ಉಂಟು."

ಅತ್ತೆ ಸೇದಿದರು. ಅಲ್ಲಿಯೇ ಬಾವಿಕಟ್ಟೆಯ ಮೇಲೆ ಕೂತು ಕುಡಿದರು. ಕುಡಿದ ಮೇಲೆ ಇಬ್ಬರಿಗೂ ನಗು ಬಂತು. ಆ ಬೇಸಿಗೆ ಮುಗಿಯುವವರೆಗೂ ಹೀಗೆಯೇ ನಡೆಯಿತು: ಒಬ್ಬರು ಸೇದಿ ಸುರಿಯುವುದು, ಇನ್ನೊಬ್ಬರು ಅದನ್ನೇ ಮತ್ತೆ ಸೇದುವುದು. ಹೊರಗಿನವರು ಯಾರಾದರೂ ನೋಡಿದ್ದರೆ ಇಬ್ಬರಿಗೂ ಬಿಸಿಲು ತಲೆಗೇರಿದೆ ಎಂದುಕೊಳ್ಳುತ್ತಿದ್ದರು.

ಕೆಲವು ದಿನಗಳಲ್ಲಿ ಹೊಳೆಯೂ ಬತ್ತಿ, ನಳ್ಳಿ ತಿರುಗಿಸಿದರೆ ಬರೀ ಗಾಳಿ ನಿಟ್ಟುಸಿರು ಬಿಡತೊಡಗಿತು. ಆ ನಿಟ್ಟುಸಿರೂ ಕೇಳಲು ಹಿತವಾಗಿತ್ತು, ಆದರೆ ಅದರಲ್ಲಿ ಅನ್ನ ಬೇಯುವುದಿಲ್ಲ. ನಾನು ಬಕೆಟು ಹಿಡಿದು ತಲೆ ತಗ್ಗಿಸಿ ಬಾವಿಯ ಬಳಿ ಹೋದೆ. "ನಿನ್ನ ಹೊಳೆ ಎಲ್ಲಿಗೆ ಹೋಯಿತು, ವಾಸು?" ಎಂದು ಅತ್ತೆ ಬಹಳ ಮೃದುವಾಗಿ ವಿಚಾರಿಸಿದರು. ಕಾರ್ಮಿನ್ ಬಾಯಿ ನನ್ನ ಬಕೆಟನ್ನು ಗೋಡೆಯ ಮೇಲಿನಿಂದಲೇ ಇಸಕೊಂಡು ತುಂಬಿಸಿ ಕೊಟ್ಟರು. ಅಷ್ಟು ಹೊತ್ತು ಅತ್ತೆ ಹಲಸಿನ ಮರದ ಕಡೆ ಮುಖ ತಿರುಗಿಸಿ, ಈ ವರ್ಷ ಕಾಯಿ ಕಡಿಮೆ ಎಂದು ಹೇಳುತ್ತಿದ್ದರು.

ಮಳೆ ಹಿಡಿದು ಕೆಲವು ದಿನವಾದ ಮೇಲೆ ಒಂದು ಸಂಜೆ ಮಳೆ ಬಿಟ್ಟು ಹೊಳವಾಗಿತ್ತು. ಇಬ್ಬರೂ ಬಾವಿಗೆ ಬಗ್ಗಿ ನೋಡುತ್ತಿದ್ದರು. ನೀರು ಏರಿ ಬಂಡೆ ಮುಳುಗಿತ್ತು. ಒಳಗೆ ಒಂದು ತುಂಡು ಆಕಾಶ ಅಲುಗುತ್ತಿತ್ತು.

"ನಿಮ್ಮ ಕಡೆ ಎಷ್ಟು ಬಂತು ಪದ್ದಮ್ಮ?"

"ನಿಮ್ಮ ಕಡೆ ಬಂದಷ್ಟೇ, ಬಾಯಿ."

ನನಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಮರುದಿನದಿಂದ ಶಾಲೆ ಬಿಟ್ಟ ಕೂಡಲೇ ಮಕ್ಕಳ ಉತ್ತರ ಪತ್ರಿಕೆಗಳನ್ನು ತಂದು ಬಾವಿಕಟ್ಟೆಯ ಮೇಲೆಯೇ ಕೂರತೊಡಗಿದೆ. ಒಳಗೆ ನಳ್ಳಿಯಲ್ಲಿ ನೀರು ಮತ್ತೆ ಧಾರಾಳವಾಗಿ ಬರುತ್ತಿತ್ತು, ನನಗೆ ಅದು ನೆನಪೇ ಆಗುತ್ತಿರಲಿಲ್ಲ. ಇನ್ನೊಂದು ಅಂಥ ಮಾತು ಬಿದ್ದೀತೆಂದು ಕಿವಿ ತೆರೆದು ಕಾದೆ. ಇಬ್ಬರೂ ಬಂದರು, ಸೇದಿದರು, ಹೋದರು. ಒಂದು ವಾರ ಮಳೆಯ ಬಗ್ಗೆ ಬಿಟ್ಟು ಬೇರೇನೂ ಮಾತಾಡಲಿಲ್ಲ. ಕೊನೆಗೆ ಕಾರ್ಮಿನ್ ಬಾಯಿಯೇ ಗೋಡೆಯ ಮೇಲೆ ಮೊಣಕೈ ಊರಿ ಹೇಳಿದರು:

"ಮಾಸ್ಟ್ರೇ, ನೀವು ನೀರು ಸೇದುವುದಿಲ್ಲ, ಎದ್ದು ಹೋಗುವುದೂ ಇಲ್ಲ. ನಮಗೆ ಸ್ವಲ್ಪ ಮಾತನಾಡಲಿಕ್ಕೆ ಇತ್ತು."

ಅತ್ತೆ ಹಗ್ಗದ ಗಂಟನ್ನು ಬಹಳ ಶ್ರದ್ಧೆಯಿಂದ ಪರೀಕ್ಷಿಸುತ್ತಿದ್ದರು. ನಾನು ಪತ್ರಿಕೆಗಳನ್ನು ಒಟ್ಟುಮಾಡಿಕೊಂಡು ಒಳಗೆ ಬಂದೆ. ಸುಮತಿ ಪಾತ್ರೆ ತೊಳೆಯುತ್ತಾ, "ಇಷ್ಟು ಬೇಗ ಎದ್ದು ಬಂದಿರಾ? ಎಂತ ಆಯಿತು?" ಎಂದು ಕೇಳಿದಳು.

"ಏನಿಲ್ಲ," ಎಂದೆ. "ಅವರಿಗೆ ನನ್ನ ಬಗ್ಗೆಯೇ ಏನೋ ಮಾತನಾಡಲಿಕ್ಕೆ ಉಂಟೆಂದು ಕಾಣುತ್ತದೆ."